ಬಾಣಂತಿ ಕೋಣೆಯ ಬೇಸಿಗೆ

ಏಪ್ರಿಲ್ ಕಾಲಿಟ್ಟಿತೆಂದರೆ ನಮ್ಮ ಬಚ್ಚಲುಮನೆಯ ಎರಡು ನಲ್ಲಿಗಳು ತಮ್ಮ ಧರ್ಮಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ತಣ್ಣೀರಿನ ನಲ್ಲಿ ತಿರುಗಿಸಿದರೆ ಮಾಳಿಗೆಯ ಮೇಲಿನ ಕರಿಯ ಟ್ಯಾಂಕಿನಲ್ಲಿ ಹಗಲೆಲ್ಲ ಕಾದ ನೀರು ಅಂಗೈ ಸುಡುತ್ತ ಬರುತ್ತದೆ. ಬಿಸಿನೀರಿನ ನಲ್ಲಿ ತಿರುಗಿಸಿದರೆ, ಸ್ವಿಚ್ಚು ಹಾಕದ ಗೀಸರಿನ ಹೊಟ್ಟೆಯಲ್ಲಿ ನೆರಳು ಹಿಡಿದು ತಪಸ್ಸಿಗೆ ಕೂತ ನೀರು ತಣ್ಣಗೆ ಇಳಿಯುತ್ತದೆ. ಈ ವಿಪರ್ಯಾಸವನ್ನು ಕಂಡುಹಿಡಿದ ಕೀರ್ತಿ ನನ್ನದೆಂದು ಹೇಳಿಕೊಳ್ಳುವ ಆಸೆ ನನಗೂ ಇದೆ. ಆದರೆ ಸತ್ಯವೇನೆಂದರೆ, ತಣ್ಣೀರೆಂದು ಹೆಸರಿರುವ ನಲ್ಲಿಯಲ್ಲಿ ತಣ್ಣೀರೇ ಬರಬೇಕೆಂಬ ಹಟಕ್ಕೆ ಬಿದ್ದು ನಾನು ಹಲವು ಬೇಸಿಗೆಗಳಲ್ಲಿ ಬೆಂದ ಆಲೂಗಡ್ಡೆಯಂತೆ ಬಚ್ಚಲಿನಿಂದ ಹೊರಬರುತ್ತಿದ್ದೆ. ನನ್ನ ಮನೆಯಾಕೆ ಸುಮಿತ್ರಾ ಮಾತ್ರ ಯಾವ ಸದ್ದೂ ಇಲ್ಲದೆ ಇನ್ನೊಂದು ನಲ್ಲಿಯಲ್ಲಿ ಸ್ನಾನ ಮುಗಿಸಿ, ಜಳಜಳನೆ ತಂಪಾಗಿ ಬಂದು ಪೂಜೆಗೆ ಕೂರುತ್ತಿದ್ದಳು. ಹೆಸರು ನೋಡಿ ನಂಬುವವನು ನಾನು, ಮುಟ್ಟಿ ನೋಡಿ ನಂಬುವವಳು ಅವಳು. ನಮ್ಮ ದಾಂಪತ್ಯದ ಇತಿಹಾಸವೆಲ್ಲ ಇಷ್ಟರಲ್ಲೇ ಅಡಗಿದೆ.

ನಾವು ರಾಯಚೂರು ಕಡೆಯವರು. ಬಿಸಿಲು ನಮಗೆ ಹೊಸ ನೆಂಟನಲ್ಲ. ಹೈದರಾಬಾದಿನ ಕುಷಾಯಿಗೂಡದ ದೊಡ್ಡ ಸರಕಾರಿ ಕಾರ್ಖಾನೆಯ ಉಗ್ರಾಣ ವಿಭಾಗದಲ್ಲಿ ಬೋಲ್ಟು ನಟ್ಟುಗಳ ಯೋಗಕ್ಷೇಮ ನೋಡಿಕೊಳ್ಳುತ್ತ ನಾನು ನಿವೃತ್ತನಾದೆ. ಕಾರ್ಖಾನೆಗೆ ಹತ್ತಿರದಲ್ಲೇ ಕಷ್ಟಪಟ್ಟು ಎರಡು ಅಂತಸ್ತಿನ ಒಂದು ಸಣ್ಣ ಮನೆ ಕಟ್ಟಿಸಿಕೊಂಡಿದ್ದೆ. ಪಿಂಚಣಿಗೆ ಆಸರೆಯಾಗಲೆಂದು ಕೆಳಗಿನ ತಂಪು ಮನೆಯನ್ನು ಒಂದು ತೆಲುಗು ಕುಟುಂಬಕ್ಕೆ ಬಾಡಿಗೆಗೆ ಕೊಟ್ಟು, ಮೇಲಿನ ಮನೆಯಲ್ಲಿ ನಾವು ಬಾಡಿಹೋಗುತ್ತಿದ್ದೆವು. ಬಾಡಿಗೆ ಎಂಬ ಶಬ್ದದ ವ್ಯುತ್ಪತ್ತಿ ನನಗೆ ಅಲ್ಲಿಯೇ ಹೊಳೆದದ್ದು. ಹೈದರಾಬಾದಿನ ಮೇ ತಿಂಗಳಲ್ಲಿ ಸೂರ್ಯನಿಗೂ ನಮಗೂ ನಡುವೆ ಇರುವುದು ಒಂದು ಗೇಣು ಕಾಂಕ್ರೀಟು ಮಾತ್ರ. ಆ ಕಾಂಕ್ರೀಟಾದರೂ ನಮ್ಮ ಪಕ್ಷದ್ದಲ್ಲ. ಹಗಲು ಹೀರಿಕೊಂಡ ಕಾವನ್ನೆಲ್ಲ ಸಂಜೆಯಾದ ಮೇಲೆ ನಿಧಾನವಾಗಿ ನಮ್ಮ ನೆತ್ತಿಗೆ ವರ್ಗಾಯಿಸುವ ನಿಷ್ಠಾವಂತ ಮಧ್ಯವರ್ತಿ ಅದು.

ನಾವಿಬ್ಬರೇ ಇದ್ದಾಗ ಇದೆಲ್ಲ ನಡೆಯುತ್ತಿತ್ತು. ಆದರೆ ನಮ್ಮ ಒಬ್ಬಳೇ ಮಗಳು ವೈಶಾಲಿಯ ಚೊಚ್ಚಲ ಹೆರಿಗೆ ಸರಿಯಾಗಿ ಮೇ ತಿಂಗಳಿಗೆ ಬಿತ್ತು. ಅವಳನ್ನು ಕೊಟ್ಟಿರುವುದು ಇದೇ ಊರಿನ ಮಣಿಕೊಂಡದಲ್ಲಿ. ಅಳಿಯ ಪ್ರಸನ್ನ ಬ್ಯಾಂಕಿನ ಕಚೇರಿಯೊಂದರಲ್ಲಿ ಇದ್ದಾನೆ. ಅವನ ತಂದೆ ಕಾಲವಾಗಿದ್ದಾರೆ. ತಾಯಿ ಶಕುಂತಲಾಬಾಯಿ, ನಮ್ಮ ಬೀಗತಿ, ಮಗ ಸೊಸೆಯರ ಜತೆ ಎತ್ತರದ ಅಪಾರ್ಟ್‌ಮೆಂಟಿನಲ್ಲಿ ಇದ್ದಾರೆ. ಅಲ್ಲಿ ಕೋಣೆಗೊಂದು ಎಸಿ, ಕರೆಂಟು ಹೋದರೆ ತಟ್ಟನೆ ಎಚ್ಚರಗೊಳ್ಳುವ ಜನರೇಟರು. ನಮ್ಮಲ್ಲಿ ಮೊದಲ ಬಾಣಂತನ ತವರುಮನೆಯದು. ಸುಮಿತ್ರಾ ಅದಕ್ಕಾಗಿ ಮನಸ್ಸಿನಲ್ಲೇ ತೊಟ್ಟಿಲು ತೂಗುತ್ತಿದ್ದಳು.

ನಮ್ಮ ಮನೆಯಲ್ಲಿ ಕುಬಸದ ದಿನ, ಬಸುರಿ ಮಗಳ ಉಡಿ ತುಂಬಲು ಬಂದ ಹೆಣ್ಣುಮಕ್ಕಳೆಲ್ಲ ಕೂತಿದ್ದಾಗ ಶಕುಂತಲಾಬಾಯಿ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನಮ್ಮ ಛಾವಣಿಯನ್ನೊಮ್ಮೆ ನೋಡಿ ಹೇಳಿದರು: "ಬಾಣಂತನ ಮಣಿಕೊಂಡದಾಗs ಆಗ್ಲಿ. ಈ ಒಲ್ಯಾಗ ನಮ್ಮ ಕೂಸು ಬೇಯೂದು ಬ್ಯಾಡ."

ಮಾತು ಒಲೆಯ ಕೆಂಡದಂತೆ ಬಿತ್ತು. ಸುಮಿತ್ರಾ ಮುಖದ ನಗೆಯನ್ನು ಅಲ್ಲಾಡಗೊಡಲಿಲ್ಲ. "ನಮ್ಮ ಮಗಳಿಗೆ ನಮ್ಮ ಮನಿ ಒಲಿ ಆಗೂದಿಲ್ಲ ತಗೋರಿ ಅಕ್ಕಾರ. ಅಷ್ಟರಾಗ ತಂಪು ಮಾಡ್ತೀನಿ," ಎಂದಳು. ಸಂಸ್ಕೃತದಲ್ಲಿ ತಾಪಕ್ಕೆ ಎಷ್ಟು ಸಂತಾನ! ಸಂತಾಪ, ಪರಿತಾಪ, ಪಶ್ಚಾತ್ತಾಪ. ಆದರೆ ಬೀಗರ ನಡುವೆ ಹುಟ್ಟುವ ಮನಸ್ತಾಪದ ಮುಂದೆ ರೋಹಿಣಿ ಮಳೆಯ ಮೊದಲಿನ ಬಿಸಿಲೂ ತಂಪೇ. ಅಂದಿನಿಂದ ಎರಡೂ ಮನೆಗಳ ಮಾತು ವೈಶಾಲಿಯ ಫೋನಿನ ಮೂಲಕವೇ ನಡೆಯತೊಡಗಿತು.

ನಾನು ಸುಲಭದ ದಾರಿ ಸೂಚಿಸಿದೆ: ನಾವೂ ಒಂದು ಎಸಿ ಹಾಕಿಸಿಬಿಡೋಣ. ಎಲೆಕ್ಟ್ರಿಷಿಯನ್ ಬಂದು ಗೋಡೆಯೊಳಗಿನ ಹಳೆಯ ವೈರು ನೋಡಿ, ಇದನ್ನೆಲ್ಲ ಕಿತ್ತು ಹೊಸದು ಎಳೆಯದೆ ಎಸಿಯ ಮಾತೇ ಬೇಡ ಎಂದ. ಮಗಳ ಮದುವೆ ಆಗಿ ಹೆಚ್ಚು ದಿನವಾಗಿರಲಿಲ್ಲ. ನಮ್ಮ ಕೈ ಆಗ ಅಷ್ಟು ಉದ್ದವಿರಲಿಲ್ಲ. ವಾತಾನುಕೂಲ ಎಂಬ ಸುಂದರ ಪದವನ್ನು ಬಿಡಿಸಿ ನೋಡಿದೆ. ವಾತ ನನ್ನ ಮೊಣಕಾಲುಗಳಲ್ಲಿ ಧಾರಾಳವಾಗಿತ್ತು, ಇಲ್ಲದ್ದು ಅನುಕೂಲವೊಂದೇ.

ಸುಮಿತ್ರಾಳಿಗೆ ಇದರಿಂದ ನಿರಾಶೆಯಾದಂತೆ ಕಾಣಲಿಲ್ಲ. ಅವಳು ಮಾಡಿದ ಮೊದಲ ಕೆಲಸ ನನಗೆ ಆಗ ವಿಚಿತ್ರವೆನಿಸಿತು. ಮಗಳಿಗಾಗಿ ತೆಗೆದಿಟ್ಟ ಕೋಣೆಯಲ್ಲಿ ಕಡು ಮಧ್ಯಾಹ್ನ ಫ್ಯಾನು ಕೂಡ ಹಚ್ಚದೆ ಹೋಗಿ ಮಲಗಿದಳು. ಅರ್ಧ ಗಂಟೆಗೊಮ್ಮೆ ಹೊರಬಂದು ನೀರು ಕುಡಿದು, ಮಂಚವನ್ನು ಇನ್ನೊಂದು ಗೋಡೆಗೆ ಸರಿಸಿ, ಮತ್ತೆ ಮಲಗುತ್ತಿದ್ದಳು. ಕೆಲವು ದಿನ ಇದೇ ಆಯಿತು. ಬಿಸಿಲಿಗೆ ತಲೆ ಕೆಟ್ಟಿತೋ ಎಂಬ ಗಾಬರಿಯಿಂದ ಬಾಗಿಲಲ್ಲಿ ನಿಂತು ಕೇಳಿದೆ.

"ಏನ್ ಮಾಡಾಕತ್ತೀದಿ ಸುಮಿತ್ರಾ?"

"ಝಳ ಎಲ್ಲಿಂದ ಬರ್ತೈತಿ ನೋಡಾಕತ್ತೀನ್ರಿ," ಎಂದಳು ಕಣ್ಣು ತೆರೆಯದೆ. "ನಾಳೆ ಇಲ್ಲಿ ಮಲಗಾಕಿ ಎದ್ದು ಓಡಿ ಹೋಗಾಕ ಆಗೂದಿಲ್ಲ. ಆಕಿ ಮೈಗೆ ಏನು ತಟ್ತೈತಿ, ಮೊದಲ ನನ್ನ ಮೈಗೆ ತಟ್ಟಲಿ."

ನಾನು ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಎಳೆದುಕೊಂಡು ಬಂದೆ. ಮೂವತ್ತು ವರ್ಷ ಉಗ್ರಾಣದಲ್ಲಿ ಕೂತು ಎಷ್ಟೋ ತಪಾಸಣೆಗಳನ್ನು ಕಂಡವನು ನಾನು. ತನ್ನ ಮೈಯನ್ನೇ ಮಾಪಕವಾಗಿಸಿಕೊಂಡ ತಪಾಸಣಾಧಿಕಾರಿಯನ್ನು ಕಂಡಿರಲಿಲ್ಲ.

ಅವಳ ತೀರ್ಪು ಹೀಗಿತ್ತು: ಶತ್ರು ಮೇಲಿನಿಂದ ಇಳಿಯುತ್ತಾನೆ, ಪಶ್ಚಿಮದ ಕಿಟಕಿಯಿಂದ ನುಗ್ಗುತ್ತಾನೆ, ಒಳಗೆ ಬಂದ ಮೇಲೆ ಫ್ಯಾನು ಅವನನ್ನೇ ಗರಗರ ತಿರುಗಿಸುತ್ತದೆ, ಅಷ್ಟೆ. ಆದ್ದರಿಂದ ಮೊದಲು ಮಾಳಿಗೆ. ಸುಣ್ಣಕ್ಕೆ ಒಂದಿಷ್ಟು ಅಂಟು ಬೆರೆಸಿ ಮಾಳಿಗೆಯ ನೆಲಕ್ಕೆಲ್ಲ ಬಳಿಯುವ ಕೆಲಸ ನನ್ನ ಪಾಲಿಗೆ ಬಂತು. ಸೂರ್ಯ ಹುಟ್ಟುವ ಮೊದಲು ಮುಗಿಸಬೇಕೆಂದು ಅವಳು ಹೇಳಿದ್ದಳು. ಕಾಫಿ ಕುಡಿದು ನಿಧಾನವಾಗಿ ಮೇಲೇರಿದ ನಾನು ಅರ್ಧ ಬಳಿಯುವುದರಲ್ಲಿ ಸೂರ್ಯ ನೆತ್ತಿಯ ಕಡೆ ಹೊರಟಿದ್ದ. ಸುತ್ತಲಿನ ಬಿಳುಪು ಕಣ್ಣಿಗೆ ಹೊಡೆದು, ದಾರಿ ಕಾಣದೆ, ನಾನೇ ಬಳಿದ ಹಸಿ ಸುಣ್ಣದ ಮೇಲೆ ಕಾಲು ಜಾರಿ ಕೂತುಬಿಟ್ಟೆ. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ತೆಲುಗು ಗೃಹಸ್ಥರು ಅಡಿಯಿಂದ ಮುಡಿಯವರೆಗೆ ಬೂದಿ ಬಳಿದಂತೆ ಬೆಳ್ಳಗಾದ ನನ್ನನ್ನು ನೋಡಿ ಗಂಭೀರವಾಗಿ, "ಏಂಟಿ ಸಾರ್, ಸನ್ಯಾಸಮಾ?" ಎಂದು ಕೇಳಿದರು. ಉಳಿದರ್ಧವನ್ನು ಮರುದಿನ ಸುಮಿತ್ರಾಳೇ ಬಳಿದಳು.

ಆದರೆ ಆ ಸುಣ್ಣದ ಮಹಿಮೆಯನ್ನು ಏನೆಂದು ಹೇಳಲಿ! ಒಣಗಿದ ಮಾರನೆಯ ಮಧ್ಯಾಹ್ನ ಅವಳು ನನ್ನನ್ನು ಸ್ಟೂಲಿನ ಮೇಲೆ ಹತ್ತಿಸಿ ಛಾವಣಿ ಮುಟ್ಟಿ ನೋಡಲು ಹೇಳಿದಳು. ಹಿಂದಿನ ವಾರ ರೊಟ್ಟಿಯ ಹಂಚಿನಂತಿದ್ದದ್ದು ಈಗ ಬಿಸಿಲಿಗಿಟ್ಟ ಪುಸ್ತಕದಷ್ಟೇ ಬೆಚ್ಚಗಿತ್ತು. ಅದರ ಮೇಲೆ ನರ್ಸರಿಯವರು ಬಳಸುವ ಹಸಿರು ಬಲೆಯನ್ನು ಆಳೆತ್ತರಕ್ಕೆ ಕಟ್ಟಿಸಿದಳು. ಕರಿಯ ಟ್ಯಾಂಕಿಗೆ ಗೋಣಿತಾಟಿನ ಅಂಗಿ ತೊಡಿಸಿದಳು. ಹಳೆಯ ಸಾಮಾನಿನ ಅಂಗಡಿಯಿಂದ ತಗಡಿನ ಕೂಲರೊಂದನ್ನು ತಂದು, ಅದರ ಒಣ ಹುಲ್ಲನ್ನು ಕಿತ್ತೆಸೆದು, ಲಾವಂಚದ ಬೇರು ತುಂಬಿ, ಕಿಟಕಿಯ ಹೊರಗೆ ನಿಲ್ಲಿಸಿದಳು. ಈ ಹಂತದಲ್ಲಿ ನನ್ನ ವೈಜ್ಞಾನಿಕ ಪ್ರತಿಭೆಯೂ ಜಾಗೃತವಾಗಿ, ಒಂದು ದಿನ ಅವಳು ಬಜಾರಿಗೆ ಹೋದಾಗ, ತಂಪು ಹೊರಗೆ ಸೋರಿಹೋಗಬಾರದೆಂದು ಬಾಗಿಲು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ ಕೂಲರ್ ಹಚ್ಚಿ ಕೂತೆ. ಸ್ವಲ್ಪ ಹೊತ್ತಿಗೆ ಗೋಡೆ ಬೆವರಿತು, ಕನ್ನಡಕ ಬೆವರಿತು, ನಾನಂತೂ ಹರಿದೇಹೋದೆ. ಅವಳು ಬಂದು ಬಾಗಿಲು ತೆರೆದು, "ಎದುರಿನ ಕಿಟಕಿ ತೆಗೀದಿದ್ರ ಕೂಲರ್ ಕೋಣಿ ಇಡ್ಲಿ ಪಾತ್ರಿ ಆಗ್ತೈತ್ರಿ. ಗಾಳಿಗೆ ಬರಾಕೂ ಹಾದಿ ಬೇಕು, ಹೋಗಾಕೂ ಹಾದಿ ಬೇಕು," ಎಂದಳು. ಹಬೆಯಾಡುವ ಇಡ್ಲಿಯು ಕನ್ನಡಕ ಒರೆಸಿಕೊಳ್ಳುತ್ತ ಹೊರಬಂತು.

ಮನೆಯ ವೇಳಾಪಟ್ಟಿಯೂ ಬದಲಾಯಿತು. ನಸುಕಿನಲ್ಲಿ ಕಿಟಕಿಗಳೆಲ್ಲ ತೆರೆದು, ಬಿಸಿಲು ಏರುವ ಮೊದಲು ಮುಚ್ಚಿ, ಪರದೆ ಎಳೆಯುವುದು. ರೊಟ್ಟಿ ಪಲ್ಯವೆಲ್ಲ ಆ ತಂಪು ಹೊತ್ತಿನಲ್ಲೇ ಮುಗಿದು ಆಮೇಲೆ ಒಲೆಗೆ ರಜೆ. ಮಧ್ಯಾಹ್ನಕ್ಕೆ ಮಣ್ಣಿನ ಹರವಿಯ ತಣ್ಣೀರು, ಜೋಳದ ಅಂಬಲಿ, ಇಂಗು ಹಾಕಿದ ಮಜ್ಜಿಗೆ. ಬಿಸಿಬಿಸಿ ಬಜಿ ಬೇಕೆಂದು ಮಧ್ಯಾಹ್ನ ಕೇಳುವ ನನ್ನ ನಾಲಿಗೆಯನ್ನು ಮಾತ್ರ ತಂಪು ಮಾಡಲು ಅವಳಿಗೂ ಆಗಲಿಲ್ಲ.

ಇದಕ್ಕೂ ಹೆಚ್ಚಾಗಿ ನಾನು ಮೆಚ್ಚಿದ್ದು ಅವಳ ಇನ್ನೊಂದು ಧೈರ್ಯವನ್ನು. ನಮ್ಮ ಕಡೆ ಬಾಣಂತಿಗೆ ಶಾಖವೇ ಸರ್ವಸ್ವ: ಮಂಚದ ಕೆಳಗೆ ಕೆಂಡ, ಕಿವಿಗೆ ಅರಳೆ, ತಲೆಗೆ ಉಣ್ಣೆಯ ಸ್ಕಾರ್ಫು. ಹೈದರಾಬಾದಿನ ಮೇ ತಿಂಗಳಿಗೆ ಕೆಂಡದ ಸಹಾಯವೂ ಬೇಕೆ? ಸುಮಿತ್ರಾ ಹೆರಿಗೆಗೆ ಮೊದಲೇ ಡಾಕ್ಟರಮ್ಮನ ಬಳಿ ಹೋಗಿ ಒಂದೊಂದನ್ನೂ ಕೇಳಿ ಬಂದಳು. ಕೂಸಿಗೆ ತೆಳು ಹತ್ತಿಬಟ್ಟೆ ಒಂದೇ ಪದರ, ಮತ್ತೆ ಮತ್ತೆ ತಾಯಿಹಾಲು, ನೀರು ಸಕ್ಕರೆನೀರು ಏನೂ ಬೇಡ; ಹಾಲು ಎಳೆಯದೆ ಸಪ್ಪಗಾದರೆ, ಉಚ್ಚೆಬಟ್ಟೆ ಕಡಿಮೆಯಾದರೆ ಹಟ ಮಾಡದೆ ಕರೆತನ್ನಿ ಎಂದಿದ್ದರಂತೆ. ಬಂಧುಬಳಗದ ಹಿರಿಯ ಹೆಂಗಸರು ಫೋನಿನಲ್ಲಿ ಕೆಂಡದ ಮಹತ್ವ ಬೋಧಿಸಿದಾಗಲೆಲ್ಲ ಅವಳು, "ಹೂಂ ಅತ್ತಿ, ಹೌದತ್ತಿ," ಎನ್ನುತ್ತ ಕೂಲರಿಗೆ ನೀರು ತುಂಬುತ್ತಿದ್ದಳು.

ಮೇ ಮೊದಲ ವಾರದಲ್ಲಿ ಹೆಣ್ಣುಕೂಸು ಹುಟ್ಟಿತು. ನರ್ಸಿಂಗ್ ಹೋಮಿಗೆ ಬಂದ ಶಕುಂತಲಾಬಾಯಿ ಮೊಮ್ಮಗಳನ್ನು ಎತ್ತಿಕೊಂಡು ಬಹಳ ಹೊತ್ತು ಕಿಟಕಿಯ ಕಡೆ ತಿರುಗಿ ನಿಂತರು. ಸುಮಿತ್ರಾಳೇ ಸೋತು, "ಅಕ್ಕಾರ, ಒಮ್ಮೆ ಮನಿಗೆ ಬಂದು ಕೋಣಿ ನೋಡಿ ಹೋಗ್ರಿ," ಎಂದಳು. "ನನ್ನ ಮೊಣಕಾಲಿಗೆ ನಿಮ್ಮ ಮೆಟ್ಟಲ ಹತ್ತಾಕ ಆಗೂದಿಲ್ಲವ್ವಾ," ಎಂದರು ಅವರು. ಅಷ್ಟೇ. ಕೂಸನ್ನು ಮರಳಿ ಕೊಡುವಾಗ ಅವರ ಕೈ ಸ್ವಲ್ಪ ತಡವಾಗಿ ಬಿಟ್ಟಿತು ಎಂದು ನನಗೆ ಅನ್ನಿಸಿದರೂ ಅದಕ್ಕೆ ಅರ್ಥ ಹಚ್ಚುವಷ್ಟು ಜಾಣತನ ನನ್ನಲ್ಲಿರಲಿಲ್ಲ.

ಪದ್ಧತಿಯಂತೆ ತಾಯಿ ಮಗು ನಮ್ಮ ಮನೆಗೇ ಬಂದರು. ಮುಂದಿನ ದಿನಗಳು ನಮ್ಮ ಮನೆಯ ಸುವರ್ಣಯುಗ. ಹೊರಗೆ ಡಾಂಬರು ಕರಗುತ್ತಿದ್ದರೆ ಒಳಗೆ, ಲಾವಂಚದ ಒದ್ದೆ ವಾಸನೆ ತುಂಬಿದ ಅರೆಗತ್ತಲೆಯಲ್ಲಿ, ಕೂಸು ಮುಷ್ಟಿ ಬಿಗಿದು ನಿದ್ರಿಸುತ್ತಿತ್ತು. ವೈಶಾಲಿಯ ಮುಖದಲ್ಲಿ ಹೊಳಪು ಬಂತು. ನಾನು ಯಾವ ಕೆಲಸವನ್ನೂ ಮಾಡದೆ ಎಲ್ಲ ಮಾಡಿದವನಂತೆ ಓಡಾಡುತ್ತಿದ್ದೆ.

ಆಮೇಲೆ ಒಂದು ಬೆಳಿಗ್ಗೆ ಬೀದಿಯ ತುದಿಯಲ್ಲಿ ಢಮ್ ಎಂದಿತು. ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿತ್ತು. ಸಂಜೆಗೆ ಬರುತ್ತದೆ ಎಂದದ್ದು ಬರಲಿಲ್ಲ. ನಮ್ಮ ಸಣ್ಣ ಇನ್ವರ್ಟರು ಒಂದು ಫ್ಯಾನನ್ನು ತಿರುಗಿಸಿ ತಿರುಗಿಸಿ ಕೊನೆಗೆ ಕೀರಲು ದನಿ ತೆಗೆದು ಪ್ರಾಣಬಿಟ್ಟಿತು. ಕೆಳಗಿನ ಮನೆಯವರು ಬೀಗ ಹಾಕಿಕೊಂಡು ರಜೆಗೆ ಊರಿಗೆ ಹೋಗಿದ್ದರು. ಮೊದಲ ದಿನವನ್ನು ಸುಮಿತ್ರಾ ಗೆದ್ದಳು. ಸುಣ್ಣ, ಬಲೆ, ಒದ್ದೆ ಪರದೆ, ನಾವಿಬ್ಬರೂ ಸರದಿಯಂತೆ ಬೀಸಿದ ಬೀಸಣಿಗೆ ಸೇರಿ ಕೋಣೆಯನ್ನು ಹಿಡಿದು ನಿಲ್ಲಿಸಿದವು. ಎರಡನೆಯ ದಿನ ಗಾಳಿಯೇ ಇರಲಿಲ್ಲ. ಮರದ ಎಲೆ ಅಲ್ಲಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೋಡೆಗಳು ಕೈಚೆಲ್ಲಿದವು.

ವೈಶಾಲಿ ಅಳುವ ದನಿಯಲ್ಲಿ, "ಅವ್ವಾ, ಇದು ಹಾಲು ಎಳೀವಲ್ದು," ಎಂದಳು.

ಸುಮಿತ್ರಾ ಕೂಸಿನ ಕತ್ತಿನ ಹಿಂದೆ ಕೈಯಿಟ್ಟು ನೋಡಿದಳು. ಕೆನ್ನೆಗಳು ಕೆಂಪಾಗಿದ್ದವು, ಅಳು ಕೂಡ ಅರ್ಧದಲ್ಲೇ ನಿಲ್ಲುತ್ತಿತ್ತು. ಬೆಳಗಿನಿಂದ ದಾರದ ಮೇಲೆ ಒಣಹಾಕಿದ ಉಚ್ಚೆಬಟ್ಟೆಗಳ ಕಡೆ ಒಮ್ಮೆ ಕಣ್ಣಾಡಿಸಿದಳು. ಒದ್ದೆ ಬಟ್ಟೆ ಹಿಂಡಿ ಕೂಸಿನ ಕೈಕಾಲು ಒರೆಸಿ ಮಗಳ ಕೈಗೆ ಕೊಟ್ಟು, ನನ್ನ ಕಡೆ ತಿರುಗಿ, "ಫೋನ್ ಕೊಡ್ರಿ," ಎಂದಳು. ಡಾಕ್ಟರಮ್ಮನಿಗೆ ಮಾಡುತ್ತಾಳೆಂದುಕೊಂಡೆ. ಡಾಕ್ಟರಮ್ಮನಿಗೂ ಮಾಡಿದಳು, ಅವರು ತಕ್ಷಣ ಕರೆತರಲು ಹೇಳಿದರು. ಅದರ ಬೆನ್ನಿಗೇ ಮಣಿಕೊಂಡದ ನಂಬರು ಒತ್ತಿದಳು. ಇಷ್ಟು ದಿನ ಕಾಪಾಡಿಕೊಂಡ ಮಾನವನ್ನು ಒಂದು ಪೀಠಿಕೆಯಿಲ್ಲದೆ, ಒಂದು ಸಬೂಬಿಲ್ಲದೆ ಕೆಳಗಿಡಲು ನನ್ನಿಂದಂತೂ ಆಗುತ್ತಿರಲಿಲ್ಲ.

"ಅಕ್ಕಾರ, ನಾ ಸುಮಿತ್ರಾ. ನಿನ್ನಿಯಿಂದ ನಮ್ಮಲ್ಲಿ ಕರೆಂಟ್ ಇಲ್ರಿ. ಕೂಸಿಗೆ ಝಳ ತಡಕೊಳ್ಳಾಕ ಆಗವಲ್ದು. ಡಾಕ್ಟರ್ ಕಡೆ ಹೊಂಟೀವಿ, ಅಲ್ಲಿಂದ ನಿಮ್ಮ ಮನಿಗೆ ಕರಕೊಂಡು ಬರ್ತೀನಿ."

ನಾನು ಕಾದದ್ದು 'ನಾ ಅವತ್ತs ಹೇಳಿದ್ದೆ' ಎಂಬ ಮಾತಿಗೆ. ಬಂದದ್ದು ಶಕುಂತಲಾಬಾಯಿಯ ಅವಸರದ ಪ್ರಶ್ನೆ: "ಕೂಸು ಅಳಾಕತ್ತೈತಿಲ್ಲೊ ಹೇಳವಾ? ಅಳು ಕೇಳಸು ನನಗ."

ಸುಮಿತ್ರಾ ಫೋನನ್ನು ಕೂಸಿನ ಬಾಯಿಯ ಬಳಿ ಹಿಡಿದಳು. ಕೂಸು ಸಣ್ಣಗೆ ಕುಂಯ್‌ಗುಟ್ಟಿತು. "ಬಂದೆ," ಎಂದಿತು ಫೋನು.

ನಾವು ಆಟೋದಲ್ಲಿ ನರ್ಸಿಂಗ್ ಹೋಮ್ ತಲುಪಿ, ತಂಪು ಕೋಣೆಯಲ್ಲಿ ಡಾಕ್ಟರಮ್ಮ ಕೂಸನ್ನು ಪರೀಕ್ಷಿಸಿ, ಹೊತ್ತಿಗೆ ಸರಿಯಾಗಿ ತಂದಿರಿ, ಹಾಲು ಕುಡಿಸುತ್ತ ಕೂತಿರಿ ಎಂದು ಹೇಳುವ ಹೊತ್ತಿಗೆ, ಊರಿನ ಆ ತುದಿಯಿಂದ ಈ ತುದಿಗೆ ಟ್ಯಾಕ್ಸಿಯಲ್ಲಿ ಬಂದ ಶಕುಂತಲಾಬಾಯಿ ಒಂದೊಂದು ಕಾಲಿಗೆ ಒಂದೊಂದು ಜೋಡಿಯ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಒಳಗೆ ಕೂಸು ಆಗಷ್ಟೇ ಹಾಲಿಗೆ ಬಾಯಿ ಹಾಕಿ, ಗುಟುಕು ಗುಟುಕಾಗಿ ಎಳೆಯತೊಡಗಿತ್ತು. ಆ ಸಣ್ಣ ಸದ್ದು ಕೇಳಿದ್ದೇ ಅವರು ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಸುಮಿತ್ರಾ ಹೋಗಿ ಪಕ್ಕದಲ್ಲಿ ಕೂತಳು.

ತಾಯಿ ಮಗು ಮಣಿಕೊಂಡಕ್ಕೆ ಹೋದರು. ಸುಮಿತ್ರಾಳನ್ನೂ ಶಕುಂತಲಾಬಾಯಿ ಕೈ ಹಿಡಿದು ಟ್ಯಾಕ್ಸಿಗೆ ಹತ್ತಿಸಿಕೊಂಡರು. ನಾನು ಮನೆ ಕಾಯಲು ಮರಳಿದೆ. ಕರೆಂಟು ಮರುದಿನ ಬಂತು. ಒಬ್ಬನೇ ಇದ್ದ ಆ ದಿನಗಳಲ್ಲಿ ಕಿಟಕಿ ತೆರೆಯುವುದನ್ನು ಮರೆತು, ಮುಚ್ಚುವುದನ್ನೂ ಮರೆತು, ಸುಮಿತ್ರಾ ಎಷ್ಟು ಕೆಲಸಗಳನ್ನು ಕೆಲಸವೆಂದು ಕಾಣದಂತೆ ಮಾಡುತ್ತಿದ್ದಳೆಂಬುದನ್ನು ಬೆವರಿನ ಮೂಲಕ ಕಲಿತೆ.

ನಾಲ್ಕಾರು ದಿನ ಬಿಟ್ಟು ಮಣಿಕೊಂಡಕ್ಕೆ ಹೋದೆ. ಎಸಿಯ ಹಿಮಾಲಯದಲ್ಲಿ ಒಂದಿಷ್ಟು ವಿಹರಿಸೋಣವೆಂಬ ಆಸೆಯೂ ಇತ್ತು. ನೋಡಿದರೆ ಎಸಿ ಹದವಾಗಿ, ಸಣ್ಣಗೆ ಉಸಿರಾಡುತ್ತಿತ್ತು. ಪಶ್ಚಿಮದ ದೊಡ್ಡ ಗಾಜಿಗೆ ಎರಡು ಬೆಡ್‌ಶೀಟುಗಳು ಅಡ್ಡ ಬಂದಿದ್ದವು. "ನಿಮ್ಮ ಮನಿಯವರು ನಮ್ಮ ಎಸಿಗೂ ಶಿಸ್ತು ಕಲಿಸ್ಯಾರ್ರಿ," ಎಂದರು ಶಕುಂತಲಾಬಾಯಿ. ಅವರು ನನ್ನ ಎದುರು ನಕ್ಕದ್ದು ಕುಬಸದ ನಂತರ ಅದೇ ಮೊದಲು.

ಅವರು ಒಳಗೆ ಹೋದ ಮೇಲೆ ಸುಮಿತ್ರಾ ನನ್ನನ್ನು ಬಾಲ್ಕನಿಗೆ ಕರೆದಳು. ಬಾಗಿಲನ್ನು ಮುಂದಕ್ಕೆ ಎಳೆದು, ದನಿ ತಗ್ಗಿಸಿ ಹೇಳಿದಳು. ಪ್ರಸನ್ನನಿಗಿಂತ ಮೊದಲು ಶಕುಂತಲಾಬಾಯಿಗೆ ಒಂದು ಹೆಣ್ಣುಕೂಸು ಹುಟ್ಟಿತ್ತಂತೆ. ಶಹಾಬಾದದಲ್ಲಿ, ಗಂಡನ ಅಂಗಡಿಯ ಹಿಂದಿನ ತಗಡಿನ ಕೋಣೆಯಲ್ಲಿ, ಇಂಥದೇ ಬೇಸಿಗೆ. ಕೆಂಡ ಇಟ್ಟಿದ್ದರಂತೆ, ಬಾಗಿಲು ಮುಚ್ಚಿದ್ದರಂತೆ. ಒಂದು ಮಧ್ಯಾಹ್ನ ಕೂಸು ಅಳುವುದನ್ನು ನಿಲ್ಲಿಸಿತು. ಮಲಗಿದೆ ಎಂದು ಎಲ್ಲರೂ ಸಂತೋಷಪಟ್ಟರಂತೆ. ಹೆಸರಿಡುವ ಮೊದಲೇ ಹೋಯಿತು. ಮಗನಿಗೂ ಆಕೆ ಅದನ್ನು ಹೇಳಿರಲಿಲ್ಲ.

"ಅವತ್ತು ಒಲಿ ಅಂದ್ರಲ್ರಿ, ಅದು ನಮ್ಮ ಮನಿ ನೋಡಿ ಅಂದಿದ್ದಲ್ಲ," ಎಂದಳು ಸುಮಿತ್ರಾ. "ಅವರ ಕಣ್ಣಾಗ ಇನ್ನೂ ಆ ತಗಡ ಐತಿ."

ಪಂಡಿತನೆಂದು ಬೀಗುವ ನಾನು ಆ ಒಂದು ಶಬ್ದಕ್ಕೆ ದರ್ಪವೆಂದು, ಶ್ರೀಮಂತಿಕೆಯ ಕೊಬ್ಬೆಂದು ಏನೆಲ್ಲ ಅರ್ಥ ಬರೆದಿದ್ದೆ! ಬಿಸಿಲಿಗೆ ಹೆದರಿದ ತಾಯಿಯೊಬ್ಬಳು ಅದರ ಹಿಂದೆ ಇಷ್ಟು ವರ್ಷ ಕೂತಿರಬಹುದೆಂಬ ಅರ್ಥ ನನ್ನ ಯಾವ ನಿಘಂಟಿನಲ್ಲೂ ಇರಲಿಲ್ಲ.

ವೈಶಾಲಿ ಕುಷಾಯಿಗೂಡಕ್ಕೆ ಮರಳುವ ದಿನ ಬಂದಾಗ ಶಕುಂತಲಾಬಾಯಿ ತಡೆಯಲಿಲ್ಲ. ಕೂಸಿನ ಚೀಲದ ಪಕ್ಕದಲ್ಲಿ ತಮ್ಮದೊಂದು ಚೀಲವನ್ನೂ ತಂದಿಟ್ಟರು. ಮೊಣಕಾಲಿನ ಮಾತೆತ್ತದೆ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲನ್ನಿಟ್ಟು, ಸುಮಿತ್ರಾಳ ಭುಜ ಹಿಡಿದು ಮೇಲೆ ಬಂದರು. ಕೋಣೆಯೊಳಗೆ ಹೋಗಿ ಗೋಡೆಗೆ ಅಂಗೈ ಒತ್ತಿದರು. ಸ್ಟೂಲು ತರಿಸಿ, ನಾನು ಹಿಡಿದುಕೊಂಡಿರಲು, ಛಾವಣಿಯನ್ನೂ ಮುಟ್ಟಿ ನೋಡಿದರು. ಇಳಿದು ಬಂದು ಕೇಳಿದ್ದು ಒಂದೇ ಪ್ರಶ್ನೆ: "ಇದನ್ನೆಲ್ಲಾ ಎಲ್ಲಿ ಕಲ್ತಿ ಸುಮಿತ್ರಾ?"

"ಎಲ್ಲೂ ಇಲ್ರಿ ಅಕ್ಕಾರ. ಇಲ್ಲೇ ಮಲಗಿ ನೋಡಿದೆ."

ಇನ್ನು ಕರೆಂಟಿನ ಭಯವೂ ಬೇಡವೆಂದು ಪ್ರಸನ್ನ ದೊಡ್ಡ ಬ್ಯಾಟರಿಯೊಂದನ್ನು ತಂದು ಜೋಡಿಸಿಕೊಟ್ಟ. ಸುಮಿತ್ರಾ ಅದನ್ನು ಬೇಡವೆನ್ನಲಿಲ್ಲ. ಕೊಡುವವರ ಮನಸ್ಸೂ ತಣ್ಣಗಿರಬೇಕಲ್ಲ ಎಂದಳು. ಬೇಸಿಗೆ ಮುಗಿಯುವವರೆಗೂ ಶಕುಂತಲಾಬಾಯಿ ನಮ್ಮಲ್ಲೇ ಉಳಿದರು. ಬೀಗತಿಯರಿಬ್ಬರೂ ಸಂಜೆ ಮಾಳಿಗೆಗೆ ನೀರು ಚಿಮುಕಿಸುತ್ತ, ಸುಣ್ಣದ ಮೇಲೆ ಕೂತು, ನನ್ನ ದೌರ್ಬಲ್ಯಗಳನ್ನು ವಿಮರ್ಶಿಸುತ್ತ ಕಾಲ ಕಳೆಯುತ್ತಿದ್ದರು. ವಿಷಯಕ್ಕೆ ಬರವಿರಲಿಲ್ಲ.

ಮಳೆ ಒಂದೆರಡು ಬಿದ್ದು ಗಾಳಿ ಮೆತ್ತಗಾದ ಮೇಲೆ ತೊಟ್ಟಿಲ ಶಾಸ್ತ್ರ. ಮಣಿಕೊಂಡದಲ್ಲಿ ಎಸಿ ಹಾಲ್ ಹಿಡಿಯಬೇಕೆಂದಿದ್ದವರು ಶಕುಂತಲಾಬಾಯಿ. ಈಗ ಇಲ್ಲೇ ಮಾಳಿಗೆಯ ಮೇಲೆ ಆಗಲಿ ಎಂದವರೂ ಅವರೇ. ಹೆಸರಿನ ಪ್ರಶ್ನೆ ಬಂತು. ನಾನು ನನ್ನ ಸಂಸ್ಕೃತ ಭಂಡಾರ ತೆರೆದು ಹಿಮಾನಿ, ತುಷಾರಾ, ಶಿಶಿರಾ ಎಂದು ಶೀತಲ ನಾಮಾವಳಿಯನ್ನೇ ಪಠಿಸಿದೆ. ಯಾರೂ ಕಿವಿಗೊಡಲಿಲ್ಲ. ಸುಮಿತ್ರಾ ಬೀಗತಿಯನ್ನು ಕೇಳಿದಳು, "ಅಕ್ಕಾರ, ಅವತ್ತು ನಿಮ್ಮ ಮನಸಿನ್ಯಾಗ ಒಂದು ಹೆಸರು ಇತ್ತಲ್ರಿ?"

ಶಕುಂತಲಾಬಾಯಿ ಬೆಚ್ಚಿದರು. "ಬ್ಯಾಡ ತಂಗಿ. ಆ ಹೆಸರು ಈ ಕೂಸಿಗೆ ಬ್ಯಾಡ."

"ಹೆಸರು ಏನು ಮಾಡೇತ್ರಿ? ಅದನ್ನ ಇನ್ನೂ ಯಾರಿಗೂ ಇಟ್ಟಿಲ್ಲ. ಅದು ಸುಮ್ನ ಕಾಯ್ಕೊಂಡು ಕುಂತೈತಿ."

ಅತ್ತೆ ಏನೆನ್ನುತ್ತಾರೆಂದು ವೈಶಾಲಿ ಅವರ ಮುಖ ನೋಡಿದಳು. ಆ ವೇಳೆಗೆ ಅವಳಿಗೂ ಪ್ರಸನ್ನನಿಗೂ ವಿಷಯ ತಿಳಿದಿತ್ತು. ಶಕುಂತಲಾಬಾಯಿಯೇ ಒಂದು ಸಂಜೆ ಮಾಳಿಗೆಯ ಮೇಲೆ ಹೇಳಿದ್ದರು. ಪ್ರಸನ್ನ ತಾಯಿಯ ಪಕ್ಕ ಬಂದು ನಿಂತು, "ಹೇಳವ್ವಾ. ನನ್ನ ಅಕ್ಕನ ಹೆಸರು ನನಗೂ ಗೊತ್ತಾಗ್ಲಿ," ಎಂದ.

ಹಸಿರು ಬಲೆಯ ಕೆಳಗೆ ತೊಟ್ಟಿಲು. ಸುತ್ತ ನೆರೆಯವರು, ನಾಲ್ಕು ಮನೆಯ ಕನ್ನಡದವರು, ಊರಿಂದ ಮರಳಿದ ಕೆಳಮನೆಯವರು. ಶಕುಂತಲಾಬಾಯಿ ಬಗ್ಗಿ ಕೂಸಿನ ಕಿವಿಗೆ ಬಾಯಿಯಿಟ್ಟು ಹೇಳಿದರು. ನಮಗೆ ಕೇಳಲಿಲ್ಲ. ಸುಮಿತ್ರಾ, "ಎಲ್ಲಾರಿಗೂ ಕೇಳಂಗ ಹೇಳ್ರಿ ಅಕ್ಕಾರ," ಎಂದಳು. ಆಗ ಅವರು ತಲೆಯೆತ್ತಿ, ಮಾಳಿಗೆಗೆಲ್ಲ ಕೇಳುವಂತೆ, "ಗೌರಿ," ಎಂದರು.

ಊಟ ನಡೆಯುತ್ತಿತ್ತು. ಬಿಸಿಲು ಬಲೆಯ ಅಂಚಿನಿಂದ ಇಳಿದು ಸುಣ್ಣದ ನೆಲದ ಮೇಲೆ ತೊಟ್ಟಿಲ ಕಡೆಗೆ ತೆವಳತೊಡಗಿತ್ತು. ಹೋಳಿಗೆಯ ಎರಡನೆಯ ಸುತ್ತಿಗೆ ಕಾಯುತ್ತಿದ್ದ ನಾನು ನೋಡಿದೆ: ಇಬ್ಬರು ಅಜ್ಜಿಯರು, ಮಾತು ನಿಲ್ಲಿಸದೆ, ಯಾರೂ ಯಾರಿಗೂ ಹೇಳದೆ, ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು, ತೊಟ್ಟಿಲನ್ನು ಒಂದು ಮೊಳ ನೆರಳಿಗೆ ಸರಿಸಿದರು. ಗೌರಿ ಎಚ್ಚರಗೊಳ್ಳಲಿಲ್ಲ.